ಕೋಟೆಯ ಚೂರು

ಬಸವಾಪಟ್ಟಣದ ಹಳೆಯ ಕೋಟೆಯನ್ನು ನೋಡಹೋದ ವಾಚಕ ಮಹಾಶಯರಿಗೆ, ನೆನಪಿಗಾಗಿ ಒಂದು ಕಲ್ಲಿನ ಚೂರನ್ನಾದರೂ ಮನೆಗೆ ತರಬೇಕೆಂಬ ಆಶೆಯುಂಟಾಗುವುದು ಸಹಜವೇ ಸರಿ. ತರೀಕೆರೆಯ ಪಾಳೆಯಗಾರರ ಪೂರ್ವಿಕರು ಆಳಿದ ಸ್ಥಳವಲ್ಲವೆ ಅದು! ಆದರೆ ಒಡೆದು ತಂದ ಚೂರು ಯಾವುದನ್ನು ನೆನಪಿಸುತ್ತದೆಂಬುದನ್ನು ತುಸು ವಿಚಾರಿಸಬೇಕು.

1789ರಲ್ಲಿ ಪ್ಯಾರಿಸ್ಸಿನ ಜನರು ಬಾಸ್ಟೀಲ್ ಎಂಬ ಸೆರೆಮನೆಯ ಕೋಟೆಯನ್ನು ಹಿಡಿದರು. ಅದನ್ನು ಕೆಡವಿಸಿದ ಪಾಲ್ವಾ ಎಂಬ ಗುತ್ತಿಗೆದಾರನು ಅದರ ಕಲ್ಲುಗಳಿಂದಲೇ ಆ ಕೋಟೆಯ ಚಿಕ್ಕ ಪ್ರತಿಕೃತಿಗಳನ್ನು ಮಾಡಿಸಿ, ದೇಶದ 83 ಪ್ರಾಂತಗಳಿಗೂ ಒಂದೊಂದನ್ನು ಕಳುಹಿಸಿದನು. ಅಲ್ಲಿ ಕೋಟೆ ಒಡೆದುದೇ ನೆನೆಯತಕ್ಕ ಸಂಗತಿಯಾಗಿತ್ತು.

ನಮ್ಮ ಶ್ರೀರಂಗಪಟ್ಟಣದ ಕೋಟೆಯು 1799ನೆಯ ಇಸವಿ ಮೇ 4ರಂದು ಆಂಗ್ಲರ ವಶವಾಯಿತು. ಟೀಪು ಸುಲ್ತಾನನ ಚಿನ್ನದ ತಗಡು ಹೊದಿಸಿದ ಸಿಂಹಾಸನವನ್ನು, ಕೊಳ್ಳೆಯನ್ನು ಪಾಲುಮಾಡುವ ಅಧಿಕಾರಿಗಳು ತುಂಡುತುಂಡು ಮಾಡಿದರು. ಅದನ್ನು ಇಡಿಯಾಗಿಯೇ ಇಂಗ್ಲೆಂಡಿಗೆ ಕಳುಹಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯೂ ಇದಕ್ಕೆ ವಿಷಾದಪಟ್ಟನು. ಅದರ ಹುಮಾ ಪಕ್ಷಿ ಇಂದು ಇಂಗ್ಲೆಂಡಿನ ಅರಸರ ಸಂಗ್ರಹದಲ್ಲಿದೆ. ರತ್ನಖಚಿತವಾದ ಒಂದು ಚಿಕ್ಕ ಹುಲಿಯ ತಲೆ ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಅಂತಹುದೇ ಇನ್ನೊಂದು ತಲೆಯು ಪರದೇಶಕ್ಕೆ ಹೋಗದಂತೆ 2021ರಲ್ಲಿ ಬ್ರಿಟಿಷ್ ಸರಕಾರವು ತಾತ್ಕಾಲಿಕವಾಗಿ ತಡೆದಾಗ, ಅದರ ಬೆಲೆ 15 ಲಕ್ಷ ಪೌಂಡು! ಚೂರುಗಳಿಗೆ ಬೆಲೆ ಬಂದಿತು. ಸಿಂಹಾಸನವು ಮಾತ್ರ ಮತ್ತೆ ಕೂಡಲಿಲ್ಲ. ಆ ಚೂರುಗಳು ಸಾರುವುದು ಗೆದ್ದವರ ಕಥೆಯನ್ನೇ ಹೊರತು ಆಳಿದವನದನ್ನಲ್ಲ.

ನಾವಾದರೋ ನೆನೆಯಬೇಕಾದುದು ನಿಂತ ಕೋಟೆಯನ್ನು. ಆದಕಾರಣ ಮಕ್ಕಳನ್ನು ಕರೆದೊಯ್ದು ಗೋಡೆಯ ಗುಂಟ ನಡೆಸಿರಿ. ಕಂಡುದನ್ನು ಅವರಿಂದಲೇ ಬರೆಯಿಸಿರಿ. ಕಲ್ಲು ತನ್ನ ಸ್ಥಾನದಲ್ಲಿರಲಿ. ಕಥೆ ಮನೆಗೆ ಬರಲಿ.