ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಯನ್ನು ನಾವು ಬೇರೆಯವರ ದಡ್ಡತನಕ್ಕೆ ಹೇಳಿ ನಗುತ್ತೇವೆ. ಕಾಮಾಲೆಗೆ ಬರೆ ಹಾಕಿಸಿಕೊಂಡು ಬಂದವರನ್ನು ಕಂಡರೆ ನಾವು ವೈದ್ಯರು ಗದರುತ್ತೇವೆ. ಆದರೆ ನಮ್ಮ ಐಸಿಯುಗಳಲ್ಲಿ ದಿನವೂ ಬರೆ ಹಾಕುತ್ತಿರುವವರು ನಾವೇ.

ರಾತ್ರಿ ಎರಡು ಗಂಟೆ ಎಂದುಕೊಳ್ಳಿ. ನಾಲ್ಕು ದಿನದಿಂದ ವೆಂಟಿಲೇಟರ್ ಮೇಲಿರುವ ರೋಗಿಗೆ ಹೊಸದಾಗಿ ಜ್ವರ. ನರ್ಸ್ ಫೋನ್ ಮಾಡುತ್ತಾರೆ. ಡ್ಯೂಟಿ ಡಾಕ್ಟರ್ ಕೂತಲ್ಲಿಂದಲೇ ಹೇಳುತ್ತಾರೆ: "ಪ್ಯಾರಾಸಿಟಮಾಲ್ ಕೊಡಿ, ಎಲ್ಲ ಕಲ್ಚರ್ ಕಳಿಸಿ, ಆ್ಯಂಟಿಬಯಾಟಿಕ್ ಚೇಂಜ್ ಮಾಡಿ." ಬೆಳಗ್ಗೆ ಮನೆಯವರಿಗೆ ಸಿಗುವ ಸಮಾಧಾನ: "ಸ್ಟ್ರಾಂಗ್ ಮೆಡಿಸಿನ್ ಶುರು ಮಾಡಿದ್ದೀವಿ." ಈ ಜ್ವರ ಎಲ್ಲಿಂದ ಬಂತು ಎಂದು ಯಾರೂ ಕೇಳಿರುವುದಿಲ್ಲ. ಇದನ್ನು ಚಿಕಿತ್ಸೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇದು ನಮ್ಮ ಭಯಕ್ಕೆ ನಾವು ರೋಗಿಯ ಕೈಯಲ್ಲಿ ಕುಡಿಸಿದ ಔಷಧ.

1868ರಲ್ಲಿ ಜರ್ಮನಿಯ ಕಾರ್ಲ್ ವುಂಡರ್ಲಿಖ್, ಸಾವಿರಾರು ರೋಗಿಗಳ ಮೈಬಿಸಿ ಅಳೆದು ಬರೆದ ಪುಸ್ತಕ ಪ್ರಕಟವಾಯಿತು. ಜ್ವರವೇ ಒಂದು ರೋಗ ಎಂಬ ಹಳೆಯ ನಂಬಿಕೆ ಸಡಿಲವಾಗಿ, ಅದು ಬೇರೇನನ್ನೋ ಸೂಚಿಸುವ ಲಕ್ಷಣ ಎಂಬುದು ಗಟ್ಟಿಯಾಯಿತು. ಒಂದೂವರೆ ಶತಮಾನ ಕಳೆದರೂ ನಾವು ಲಕ್ಷಣವನ್ನೇ ಹೊಡೆಯುತ್ತಿದ್ದೇವೆ.

ಐಸಿಯುನಲ್ಲಿ 38.3 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 101 ಫ್ಯಾರನ್‌ಹೀಟ್ ಮುಟ್ಟಿದರೆ ಅದನ್ನು ಜ್ವರವೆಂದು ಗಣಿಸುವುದು ರೂಢಿ. ಆದರೆ ಆ ಅಂಕಿಯ ಹಿಂದೆ ಸೋಂಕೇ ಇರಬೇಕೆಂದಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ, ನಿನ್ನೆ ಕೊಟ್ಟ ರಕ್ತ, ಮೇದೋಜೀರಕ ಗ್ರಂಥಿಯ ಉರಿಯೂತ, ಮಿದುಳಿನ ರಕ್ತಸ್ರಾವ, ಗೌಟ್, ಕುಡಿತ ಹಠಾತ್ತನೆ ನಿಂತದ್ದು, ಇವೆಲ್ಲ ಜ್ವರ ತರಬಲ್ಲವು. ಔಷಧದಿಂದಲೂ ಜ್ವರ ಬರುತ್ತದೆ. ಆ್ಯಂಟಿಬಯಾಟಿಕ್‌ನಿಂದಲೇ ಬಂದ ಜ್ವರಕ್ಕೆ ಇನ್ನೊಂದು ಆ್ಯಂಟಿಬಯಾಟಿಕ್ ಕೊಡುವ ವೈದ್ಯನಿಗೂ ಬರೆ ಹಾಕುವವನಿಗೂ ಏನು ವ್ಯತ್ಯಾಸ?

ಮೊದಲು ಹೊದಿಕೆ ಸರಿಸಿ ನೋಡಬೇಕು. ಸೆಂಟ್ರಲ್ ಲೈನ್ ಹಾಕಿದ ಜಾಗ ಕೆಂಪಾಗಿದೆಯೇ? ಆಪರೇಷನ್ ಗಾಯ, ಬೆನ್ನಿನ ಹುಣ್ಣು ಹೇಗಿವೆ? ಒಂದು ಮೀನಖಂಡ ಊದಿದೆಯೇ? ಭೇದಿಯಾಗುತ್ತಿದೆಯೇ? ಔಷಧದ ಚಾರ್ಟ್‌ನಲ್ಲಿ ಹೊಸದೇನಿದೆ? ಇದಕ್ಕೆ ಹತ್ತು ನಿಮಿಷ ಸಾಕು, ಬಿಲ್ಲೂ ಆಗುವುದಿಲ್ಲ.

ಅಮೆರಿಕದ ತೀವ್ರನಿಗಾ ತಜ್ಞರ ಮತ್ತು ಸೋಂಕುರೋಗ ತಜ್ಞರ ಸಂಘಗಳು 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಧಾಟಿಯೂ ಇದೇ. ಅದು ಕಂಕುಳಿನ ಥರ್ಮಾಮೀಟರನ್ನು ನೆಚ್ಚುವುದಿಲ್ಲ. ಎದೆಯ ಎಕ್ಸ್‌ರೇ ತೆಗೆಯಿರಿ ಎನ್ನುತ್ತದೆ. ಹೊಟ್ಟೆಯ ತೊಂದರೆಯ ಸುಳಿವೇ ಇಲ್ಲದಿದ್ದರೆ ಹೊಟ್ಟೆಯ ಸ್ಕ್ಯಾನ್ ರೂಢಿಗಾಗಿ ಬೇಡ ಎನ್ನುತ್ತದೆ. ಸೆಂಟ್ರಲ್ ಲೈನ್ ಇದ್ದರೆ ಅದರಿಂದಲೂ ಕೈಯ ರಕ್ತನಾಳದಿಂದಲೂ ಒಟ್ಟಿಗೇ ರಕ್ತ ತೆಗೆದು ಕಲ್ಚರ್‌ಗೆ ಕಳಿಸಬೇಕು. ಲೈನಿನ ರಕ್ತದಲ್ಲಿ ಬ್ಯಾಕ್ಟೀರಿಯಾ ಎರಡು ಗಂಟೆಯಷ್ಟು ಮೊದಲೇ ಕಾಣಿಸಿಕೊಂಡರೆ ಲೈನೇ ಮೂಲವಿರಬಹುದು. ಮೂತ್ರದ ಸೋಂಕಿನ ಅನುಮಾನವಿದ್ದರೆ ಹಳೆಯ ಕ್ಯಾಥೆಟರ್ ಬದಲಿಸಿ, ಹೊಸದರಿಂದ ಮೂತ್ರ ತೆಗೆಯಬೇಕು. ಹಳೆಯದರಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾ ಜ್ವರದ ಕಾರಣವೆಂದು ಹೇಳಲಾಗದು.

ಜ್ವರ ಇಳಿಸುವ ಆತುರವೂ ಬೇಡ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಐಸಿಯುಗಳಲ್ಲಿ ಸೋಂಕಿನ ಅನುಮಾನವಿದ್ದ 700 ಜ್ವರಪೀಡಿತರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ಯಾರಾಸಿಟಮಾಲ್‌ನಿಂದ 28 ದಿನಗಳ ಲೆಕ್ಕದಲ್ಲಿ ಐಸಿಯು ಹೊರಗಿನ ದಿನಗಳು ಹೆಚ್ಚಲಿಲ್ಲ, ಸಾವುಗಳೂ ಕಡಿಮೆಯಾಗಲಿಲ್ಲ.

"ಕಾಯುತ್ತ ಕೂತು ರೋಗಿ ಸತ್ತರೆ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸೋಂಕಿನಿಂದ ರಕ್ತದೊತ್ತಡ ಕುಸಿಯುತ್ತಿದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಲೇಬೇಕು, ಅಲ್ಲಿ ಚರ್ಚೆಯಿಲ್ಲ. ಆದರೆ ಸೆಪ್ಸಿಸ್ ಬಗೆಗಿನ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ, ಶಾಕ್ ಇಲ್ಲದೆ ಬರೀ ಅನುಮಾನವಿದ್ದರೆ, ಬೇಗಬೇಗ ಪರೀಕ್ಷಿಸಿ ನಿರ್ಧರಿಸಲು ಮೂರು ಗಂಟೆಯ ಅವಕಾಶ ಕೊಡುತ್ತದೆ. ನನ್ನ ತಕರಾರು ಆ ಮೂರು ಗಂಟೆಯ ಬಗ್ಗೆ. ಅದನ್ನು ನಾವು ಹುಡುಕುವುದಕ್ಕೆ ಬಳಸುತ್ತಲೇ ಇಲ್ಲ.

ಹೀಗೆ ಹುಡುಕದೆ ಹಾಕಿದ ಬರೆ ಬೀಳುವುದು ಇಬ್ಬರ ಮೇಲೆ. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಸರಿಯುವಾಗ ನಾವು ಆ್ಯಂಟಿಬಯಾಟಿಕ್ ಬದಲಿಸುತ್ತಿರುತ್ತೇವೆ. ಮೊದಲನೆಯವನು ಆ ರೋಗಿ. ಎರಡನೆಯವನು ಪಕ್ಕದ ಹಾಸಿಗೆಯವನು. ಇಲ್ಲಿ ಅನಗತ್ಯವಾಗಿ ಸುರಿದ ಔಷಧಕ್ಕೆ ಪಳಗಿದ ಬ್ಯಾಕ್ಟೀರಿಯಾ ನಾಳೆ ಅವನಿಗೆ ಅಂಟುತ್ತದೆ, ಆಗ ಕೊಡಲು ಔಷಧವೇ ಉಳಿದಿರುವುದಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ನೇರವಾಗಿ ಸತ್ತವರು ಸುಮಾರು 12.7 ಲಕ್ಷ ಎಂಬ ಅಂದಾಜಿದೆ. ಗಾದೆಯ ಎಮ್ಮೆ ಯಾರೆಂದು ಈಗ ಹೇಳಬೇಕಾಗಿಲ್ಲ.

ಐಸಿಯು ಬಾಗಿಲ ಹೊರಗೆ ಬೆಂಚಿನ ಮೇಲೆ ಕಾಯುವ ಸರದಿ ನಮ್ಮೆಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಆಗ "ಸ್ಟ್ರಾಂಗ್ ಮೆಡಿಸಿನ್ ಕೊಟ್ರಾ?" ಎಂದು ಕೇಳಬೇಡಿ, ಆ ಪ್ರಶ್ನೆಯೇ ನಮ್ಮ ಕೈಗೆ ಬರೆಯ ಕಬ್ಬಿಣ ಕೊಡುತ್ತದೆ. "ಡಾಕ್ಟ್ರೇ, ಈ ಜ್ವರ ಎಲ್ಲಿಂದ ಬಂದಿರಬಹುದು ಅಂತೀರಿ?" ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ನಾವು ಎದ್ದು ಹೋಗಿ ಹೊದಿಕೆ ಸರಿಸಿ ನೋಡಲೇಬೇಕಾಗುತ್ತದೆ.