ಹಳೆಯ ಹೊಸ ವರ್ಷ

ಜನವರಿ ಒಂದರಂದು ಶುಭಾಶಯ ಕೋರಿದರೆ, ‘ಗುರುಗಳೇ, ಇದು ನಮ್ಮ ಹೊಸ ವರ್ಷವಲ್ಲ’ ಎಂದು ನನ್ನ ಶಿಷ್ಯರೇ ಆಕ್ಷೇಪಿಸುತ್ತಾರೆ. ಅವರು ಈ ವಿಷಯದಲ್ಲಿ ರಷ್ಯನ್ನರಿಂದ ಕಲಿಯಬೇಕಾದುದಿದೆ.

2008ರ ಜನವರಿಯಲ್ಲಿ ಮಗನ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ, ಟ್ರಫಾಲ್ಗರ್ ಚೌಕದಲ್ಲಿ ರಷ್ಯನ್ನರ ಚಳಿಗಾಲದ ಉತ್ಸವವನ್ನು ಕಂಡೆ. ಬಯಲಿನಲ್ಲಿ ವೇದಿಕೆ, ಹಾಡು, ಕುಣಿತ; ಚಳಿಯನ್ನು ಲೆಕ್ಕಿಸದೆ ನಿಂತ ಜನ. ಅದು ಅವರ ‘ಹಳೆಯ ಹೊಸ ವರ್ಷ’ದ ಸಂಭ್ರಮ! 1918ರಲ್ಲಿ ಲೆನಿನ್ನರ ಸರ್ಕಾರವು ಜೂಲಿಯನ್ ಪಂಚಾಂಗವನ್ನು ಕೈಬಿಟ್ಟು ಗ್ರೆಗೋರಿಯನ್ ಪಂಚಾಂಗವನ್ನು ಜಾರಿಗೆ ತಂದಿತು. ಜನವರಿ 31ರ ಮರುದಿನವೇ ಫೆಬ್ರವರಿ 14 ಆಯಿತು. ಹದಿಮೂರು ದಿನಗಳು ಲೆಕ್ಕದಿಂದ ಮಾಯವಾದವು, ಹಬ್ಬ ಮಾಯವಾಗಲಿಲ್ಲ. ರಷ್ಯದ ಚರ್ಚು ಹಳೆಯ ಗಣನೆಯನ್ನೇ ಉಳಿಸಿಕೊಂಡಿತು. ಜನರು ಜನವರಿ ಒಂದನ್ನು ಸಡಗರದಿಂದ ಆಚರಿಸಿದರು, 13ರ ರಾತ್ರಿಯನ್ನೂ ಬಿಡಲಿಲ್ಲ.

ಹಳೆಯದನ್ನು ಉಳಿಸಿಕೊಳ್ಳಲು ಅವರು ಹೊಸದನ್ನು ಹಳಿಯಬೇಕಾಗಲಿಲ್ಲ. ನಮ್ಮ ಯುಗಾದಿ ಉಳಿಯುವುದೂ ಬೇವುಬೆಲ್ಲ ಹಂಚುವ ಕೈಗಳಿಂದಲೇ ಹೊರತು ಜನವರಿಯನ್ನು ಬೈಯುವ ನಾಲಗೆಗಳಿಂದಲ್ಲ. ಯುಗಾದಿಯಂದು ಪಂಚಾಂಗ ಶ್ರವಣಕ್ಕೆ ಹತ್ತು ನಿಮಿಷ ಕೂರದವರಿಗೆ, ಜನವರಿ ಒಂದರಂದು ಸಂಸ್ಕೃತಿಯ ಪಾಠ ಹೇಳುವ ಅಧಿಕಾರವೆಲ್ಲಿಯದು?