ಮಗು ಎಷ್ಟನೆಯ ತರಗತಿ?

ಬಂಗಾರಪೇಟೆಯಿಂದ ಹೊರಡುವ ರೈಲಿನಲ್ಲಿ ಎದುರಿಗೆ ಕುಳಿತ ಮಗುವನ್ನು ಹಿರಿಯರು ಮೊದಲು ಕೇಳುವುದು ಹೆಸರನ್ನು, ಆಮೇಲೆ, "ಎಷ್ಟನೇ ಕ್ಲಾಸು?" ಎಂದು. ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲಿಯೇ ಕಲಿತ ಮಗು ಆಗ ತಾಯಿಯ ಮುಖ ನೋಡುತ್ತದೆ. ತಾಯಿಗೂ ಉತ್ತರ ತಿಳಿಯದು.

ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಮುಂಜಾನೆಯ ಗಾಡಿಗೆ ಬೆಂಗಳೂರಿಗೆ ಹೊರಟು ರಾತ್ರಿ ಮರಳುವವರು; 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಬಳಿಕ ಈ ಸೀಮೆಯ ಎಷ್ಟೋ ಸಂಸಾರಗಳಿಗೆ ಇದೇ ದಾರಿ. ಮನೆಯಲ್ಲಿ ತೆಲುಗು, ನೆರೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು. ಅಜ್ಜ ಕಲಿಸಿದ್ದು ಕನ್ನಡ. ಒಂಬತ್ತು ತುಂಬಿದ ಹುಡುಗಿ ಪತ್ರಿಕೆಯ ತಲೆಬರಹಗಳನ್ನು ಓದುತ್ತಾಳೆ. ಪಾನಿಪುರಿಯವನು ಕೊಡಬೇಕಾದ ಚಿಲ್ಲರೆಯನ್ನು ಅವನಿಗಿಂತ ಮೊದಲೇ ಹೇಳುತ್ತಾಳೆ. ಪೆನ್ಸಿಲು ಹಿಡಿಸಿದರೆ ಮಾತ್ರ ಒತ್ತಕ್ಷರಗಳು ಎಲ್ಲೆಲ್ಲಿಯೋ ಹೋಗಿ ಕೂರುತ್ತವೆ. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರಗಳಾಚೆ ಹೆಜ್ಜೆಯಿಟ್ಟಿಲ್ಲ. ಅಜ್ಜನ ದೃಷ್ಟಿಯಲ್ಲಿ ಮೊಮ್ಮಗಳು ಐದನೆಯ ತರಗತಿಗೆ ಸಲ್ಲುವವಳು. ಅವಳ ಬರಹ ಕಂಡವರು ಎರಡನೆಯದೇ ಹೆಚ್ಚೆನ್ನುತ್ತಾರೆ. ಏಳು ವರ್ಷದ ಕೂಸುಗಳ ನಡುವೆ ಈ ಉದ್ದನೆಯ ಹುಡುಗಿಯನ್ನು ಕೂರಿಸಿದರೆ ಓದಿಗಿಂತ ಮೊದಲು ಅವಳು ಕಲಿಯುವುದು ನಾಚಿಕೆಯನ್ನು.

ಜಗಳದ ಅರ್ಧಭಾಗವನ್ನು ಕಾನೂನೇ ಬಗೆಹರಿಸಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 4ನೆಯ ಪ್ರಕರಣದಂತೆ, ಆರು ವರ್ಷ ಮೀರಿಯೂ ಶಾಲೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಆರಕ್ಕೆ ಒಂದನೆಯದಾದರೆ ಒಂಬತ್ತಕ್ಕೆ ನಾಲ್ಕನೆಯದು. ಹಿಂದುಳಿದ ಭಾಗಕ್ಕೆ ವಿಶೇಷ ತರಬೇತಿ. ಕೇಂದ್ರದ ನಿಯಮಾವಳಿಯಲ್ಲಿ ಅದರ ಅವಧಿ ಮೂರು ತಿಂಗಳಿಗೆ ಕಡಮೆಯಿಲ್ಲ, ಎರಡು ವರ್ಷಕ್ಕೆ ಹೆಚ್ಚಿಲ್ಲ. ಪರೀಕ್ಷೆಯಿಟ್ಟು ಮಕ್ಕಳನ್ನು ಸೋಸುವುದನ್ನು 13ನೆಯ ಪ್ರಕರಣ ನಿಷೇಧಿಸಿದೆ. ವಯಸ್ಸಿನ ದಾಖಲೆಯಿಲ್ಲವೆಂದು ಹಿಂದಕ್ಕೆ ಕಳುಹಿಸುವುದನ್ನು 14ನೆಯದು.

ಕೂರುವ ಜಾಗವೇನೋ ಗೊತ್ತಾಯಿತು. ಕಲಿಕೆ ಎಲ್ಲಿ ನಿಂತಿದೆಯೆಂಬುದು ಬೇರೆಯೇ ಪ್ರಶ್ನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ಇದಕ್ಕೆ ಒಳ್ಳೆಯ ದಾರಿ ತೋರಿಸಿತು. ಅಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಏಣಿ ಕಟ್ಟುತ್ತಾರೆ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿದ್ದರೂ ಪ್ರತಿಯೊಂದು ಮಗುವೂ ತನ್ನ ಮೆಟ್ಟಿಲಿನಿಂದಲೇ ಏರುತ್ತದೆ.

ಮನೆಯಲ್ಲಿಯೂ ಇದು ಸಾಧ್ಯ. ಎರಡನೆಯ ತರಗತಿಯಿಂದ ಐದನೆಯದರವರೆಗಿನ ಕನ್ನಡ, ಗಣಿತ ಪುಸ್ತಕಗಳನ್ನು ತಂದಿರಿಸಿಕೊಂಡು, ಸುಲಭವಾದುದರಿಂದ ಮೊದಲು ಮಾಡಬೇಕು. ಮಗು ಹಿಂದೆ ಕಾಣದ ಪುಟವನ್ನು ಓದಿಸಿ, ಪುಸ್ತಕ ಮುಚ್ಚಿ, ಕಥೆಯನ್ನು ತನ್ನ ಮಾತಿನಲ್ಲಿ ಹೇಳಿಸಬೇಕು. ನಾಲ್ಕು ಸಾಲು ಉಕ್ತಲೇಖನ. ತಡೆದು ನಿಂತ ಕಡೆ ಗುರುತು. ಅಜ್ಜ ಮಾತ್ರ ಹತ್ತಿರವಿರಬಾರದು! ಮೊಮ್ಮಗಳು ತಡವರಿಸಿದೊಡನೆ ಮುಂದಿನ ಅಕ್ಷರವನ್ನು ಎತ್ತಿಕೊಡದೆ ಅವರಿಂದ ಇರಲಾಗದು.

ಲೆಕ್ಕದಲ್ಲಿ ಮಗ್ಗಿಯನ್ನು ನಂಬಿ ಮೋಸಹೋಗುವವರು ಬಹಳ. ಹದಿನಾರರ ಮಗ್ಗಿಯನ್ನು ಗಿಣಿಯಂತೆ ಒಪ್ಪಿಸುವ ಮಗುವಿಗೆ ತೊಂಬತ್ತಾರು ಮಾವಿನಕಾಯಿಗಳನ್ನು ಆರು ಮನೆಗೆ ಹಂಚುವ ಬಗೆ ಹೊಳೆಯದಿರಬಹುದು. ಈ ಗಡಿಸೀಮೆಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಅದೇ ಲೆಕ್ಕವನ್ನು ಕನ್ನಡದಲ್ಲಿ ಒಮ್ಮೆ, ಮನೆಮಾತಾದ ತೆಲುಗಿನಲ್ಲಿ ಒಮ್ಮೆ ಕೇಳಬೇಕು. ತೆಲುಗಿನಲ್ಲಿ ಬಿಡಿಸಿ ಕನ್ನಡದಲ್ಲಿ ಮಿಡುಕಿದರೆ ಕೊರತೆ ಗಣಿತದ್ದಲ್ಲ, ಭಾಷೆಯದು. ಗಣಿತದಲ್ಲಿ ಅವಳನ್ನು ಕೆಳಗಿಳಿಸುವುದು ಅನ್ಯಾಯ.

ಹೀಗೆ ನೋಡಿದಾಗ ನಮ್ಮ ಹುಡುಗಿಯ ಓದು ನಾಲ್ಕರಲ್ಲಿ, ಲೆಕ್ಕ ಐದರಲ್ಲಿ, ಬರಹ ಎರಡರಲ್ಲಿ, ಇಂಗ್ಲಿಷು ಒಂದರಲ್ಲಿ ನಿಂತಿತೆನ್ನೋಣ. ಸರಾಸರಿ ತೆಗೆದರೆ ಮೂರು. ಆ ಮೂರರಲ್ಲಿ ಅವಳ ಒಂದು ವಿಷಯವೂ ಇಲ್ಲ! ಸರಾಸರಿಯನ್ನು ಬದಿಗಿಟ್ಟು, ಈ ನಾಲ್ಕು ಅಂಕಿಗಳ ಚೀಟಿಯನ್ನು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು, ವಿಶೇಷ ತರಬೇತಿಯ ತಿಂಗಳುಗಳನ್ನು ಬರಹಕ್ಕೂ ಇಂಗ್ಲಿಷಿಗೂ ಮೀಸಲಿಡುವಂತೆ ಕೇಳಿಕೊಳ್ಳುವುದು ಲೇಸು.

ಶಾಲೆಯೇ ಬೇಡವೆನ್ನುವ ಮನೆಯವರಿಗೂ ಅಳತೆಗೋಲುಂಟು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಶಿಕ್ಷಣದಲ್ಲಿ ಎ, ಬಿ, ಸಿ ಎಂಬ ಮೂರು ಹಂತಗಳು. ಅವು ಕ್ರಮವಾಗಿ ಮೂರು, ಐದು, ಎಂಟನೆಯ ತರಗತಿಗಳಿಗೆ ಸಮ. ಅದರ ಹತ್ತನೆಯ ತರಗತಿಗೆ ಹೆಸರು ನೋಂದಾಯಿಸಲು ಹದಿನಾಲ್ಕು ತುಂಬಿರಬೇಕು. ಈ ಹುಡುಗಿಗೆ ಇನ್ನೂ ಐದು ವರ್ಷಗಳಿವೆ.